ಸಿಡಿಯ ಮಡಿವಂತಿಕೆ

ಸಿಡಿಯಲ್ಲಿ ಸಂಗೀತ ಇಡಿಯಾಗಿದೆ, ಎಂಪಿ3ಯಲ್ಲಿ ಉಳಿದಿರುವುದು ಬರೀ ಸಿಪ್ಪೆ ಎನ್ನುವುದು ರಸಿಕರ ವಲಯದಲ್ಲಿ ರೂಢಿಯಾಗಿಬಿಟ್ಟ ತೀರ್ಪು. ಲೆಕ್ಕವೂ ಅದರ ಪರವಾಗಿಯೇ ಇದೆ. ಸಿಡಿಗೆ ಸೆಕೆಂಡಿಗೆ 1,411 ಕಿಲೋಬಿಟ್. ಒಂದು ಕಾಲಕ್ಕೆ ಎಲ್ಲೆಡೆ ಹರಿದಾಡುತ್ತಿದ್ದ ಎಂಪಿ3ಗೆ 128. ನನ್ನ ತಕರಾರು ಈ ಲೆಕ್ಕದ ಮೇಲಲ್ಲ, ಅದರಿಂದ ಎಳೆದು ತರುವ ತೀರ್ಮಾನದ ಮೇಲೆ.

ಜೋರಾದ ದನಿಯ ಪಕ್ಕದಲ್ಲಿ ಮೆಲ್ಲನೆಯದು ಕಿವಿಗೆ ಬೀಳುವುದಿಲ್ಲ. ಎಂಪಿ3 ಬಿಟ್ಟುಬಿಡುವುದು ಮುಖ್ಯವಾಗಿ ಅಂಥದ್ದನ್ನೇ. ಎಂಪಿ3 ರೂಪಿಸಿದವರಲ್ಲಿ ಒಬ್ಬರಾದ ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡನ್‌ಬುರ್ಗ್ ಈ ತಂತ್ರವನ್ನು ಒರೆಗೆ ಹಚ್ಚಲು ಆರಿಸಿಕೊಂಡ ಹಾಡುಗಳಲ್ಲೊಂದು ಸುಝಾನ್ ವೇಗಾ ಪಕ್ಕವಾದ್ಯವಿಲ್ಲದೆ ಹಾಡಿದ 'ಟಾಮ್ಸ್ ಡೈನರ್'. ಒಂಟಿ ಕಂಠದಲ್ಲಿ ತಪ್ಪು ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ. ಹಾಗಾಗಿ ಅದ್ದೂರಿ ವಾದ್ಯವೃಂದದ ಸಿನಿಮಾ ಹಾಡು ದಕ್ಕಿಸಿಕೊಳ್ಳುವ 128 ಕಿಲೋಬಿಟ್‌ನಲ್ಲಿ ಬಿಡಿ ಆಲಾಪನೆ ಸೋಲಬಹುದು. ಖಂಜಿರದ ಪೆಟ್ಟಿಗೆ ಇನ್ನೂ ಕಷ್ಟ. ಎನ್‌ಕೋಡರ್ (ಎಂಪಿ3 ಮಾಡುವ ತಂತ್ರಾಂಶ) ದನಿಯನ್ನು ತುಂಡುತುಂಡಾಗಿ ಸಂಸ್ಕರಿಸುವುದರಿಂದ ಪೆಟ್ಟಿನ ಗದ್ದಲ ಆ ತುಂಡಿನ ಉದ್ದಕ್ಕೂ ಹರಡಿ, ಪೆಟ್ಟು ಬೀಳುವ ಮೊದಲೇ ಸಣ್ಣದೊಂದು 'ಸ್ಸ್' ಕೇಳಿಸಬಹುದು. ದೂರುವುದಾದರೆ ಇದನ್ನು ದೂರಬೇಕು. 'ಜೀವಂತಿಕೆ ಇಲ್ಲ', 'ಬೆಚ್ಚಗಿಲ್ಲ' ಎಂಬಂಥ ಮಾತುಗಳು ವಿಮರ್ಶೆಯಲ್ಲ.

ಅದೂ 128ರ ಮಾತಾಯಿತು. ಒಳ್ಳೆಯ ಎನ್‌ಕೋಡರ್‌ನಲ್ಲಿ 256 ಕಿಲೋಬಿಟ್‌ನ ಎಎಸಿ (ಎಂಪಿ3ಯಂಥದ್ದೇ ಇನ್ನೊಂದು ಸಂಕುಚಿತ ರೂಪ) ಪ್ರತಿ ಮಾಡಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದರೆ, ಪಳಗಿದ ಕಿವಿಗಳೂ ಸಾಮಾನ್ಯವಾಗಿ ತಡವರಿಸುತ್ತವೆ. ಸಂಗ್ರಹಕ್ಕೆ ಪೂರ್ಣ ಪ್ರತಿಯೇ ಬೇಕು, ಒಪ್ಪುತ್ತೇನೆ. ಸಂಕುಚಿಸಿದ್ದನ್ನೇ ಮತ್ತೆ ಮತ್ತೆ ಸಂಕುಚಿಸಿದರೆ ಹಾಳಾಗುವುದು ಖಚಿತ. ಆದರೆ ಅದು ಕಾಪಿಡುವವರ ಚಿಂತೆ.

ಸಿಡಿ ಪಕ್ಷದವರು ಮುಟ್ಟದ ವಿಷಯ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುನ್ನ ಹಾಡನ್ನು ಕೊನೆಯದಾಗಿ ಹದಗೊಳಿಸುವ ಕೆಲಸ. ಮೆಲುದನಿಗೂ ಏರುದನಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರವನ್ನು ಸಿಡಿ ತಾಳಬಲ್ಲದು. ಅದನ್ನು ಬಳಸಿದವರೆಷ್ಟು ಮಂದಿ? ರಾಕ್ ತಂಡ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ 2008ರಲ್ಲಿ ಬಂದಾಗ ಸಿಡಿಯಲ್ಲಿ ದನಿಯನ್ನು ಎಷ್ಟು ಒತ್ತಿದ್ದರೆಂದರೆ ಡ್ರಮ್ಮಿನ ಪೆಟ್ಟು ಒಡೆದು ಕರಕರ ಎನ್ನುತ್ತಿತ್ತು. ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಗೇಮಿನಲ್ಲಿ ಹೆಚ್ಚು ಸ್ವಚ್ಛವಾಗಿದ್ದವು! ಹೊಸದಾಗಿ ಮಾಸ್ಟರ್ ಮಾಡಿಕೊಡಿ ಎಂದು ಅಭಿಮಾನಿಗಳು ಸಾವಿರಗಟ್ಟಲೆ ಸಹಿ ಹಾಕಿದರು. ಅಲ್ಲಿ ಕೆಟ್ಟದ್ದು ತಟ್ಟೆಯಲ್ಲ, ಅದಕ್ಕೆ ತುಂಬಿದ ಸರಕು. ನಮ್ಮಲ್ಲೂ ಹಳೆಯ ಚಿತ್ರಗೀತೆಗಳ ಎಷ್ಟೋ ಸಿಡಿಗಳಲ್ಲಿ ಟೇಪಿನ 'ಸ್ಸ್' ಸದ್ದು ಅಳಿಸುವ ಉತ್ಸಾಹದಲ್ಲಿ ಕೊಳಲಿನ ಉಸಿರನ್ನೂ ಅಳಿಸಿದ್ದಾರೆ. 1,411 ಕಿಲೋಬಿಟ್ ಅದನ್ನು ಹಿಂದಕ್ಕೆ ತಂದುಕೊಡುವುದಿಲ್ಲ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ನೋಡಿ. ನಿಮ್ಮ ಮೆಚ್ಚಿನ ಸಿಡಿಯಿಂದಲೇ 256ರ ಪ್ರತಿ ಮಾಡಿಕೊಳ್ಳಿ. ತುಸು ಜೋರಾದದ್ದೇ ಕಿವಿಗೆ ಚೆನ್ನೆನಿಸುವುದರಿಂದ ಎರಡರ ವಾಲ್ಯೂಮ್ ಸಮ ಮಾಡಿ, ಬದಲಾಯಿಸುವ ಕೆಲಸ ಬೇರೊಬ್ಬರಿಗೆ ಬಿಟ್ಟು ಹತ್ತು ಹದಿನೈದು ಸಲ ಕೇಳಿ. ಆಮೇಲೆ ಜಗಳಕ್ಕೆ ಬನ್ನಿ.