ಕನ್ನ, ಕಾವಲು ಮತ್ತು ಕೈರೇಖೆ

ಸು. ವೆಂಕಟೇಶನ್ ಅವರ ತಮಿಳು ಕಾದಂಬರಿ ‘ಕಾವಲ್ ಕೋಟ್ಟಂ’ 2008ರಲ್ಲಿ ಪ್ರಕಟವಾಯಿತು. 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. ಸಾವಿರ ಪುಟ ಮೀರಿದ ಇದರ ಹರಹು ಮದುರೆಯ ಸುಮಾರು ಆರುನೂರು ವರ್ಷಗಳ ಚರಿತ್ರೆ. ವಿಜಯನಗರದ ಕುಮಾರ ಕಂಪಣನ ದಂಡಯಾತ್ರೆ ಬರುವುದರಿಂದ ಕನ್ನಡ ಓದುಗನಿಗೆ ಒಳಹೋಗಲು ಒಂದು ಬಾಗಿಲಂತೂ ತೆರೆದಿದೆ. ಆದರೆ ನನ್ನನ್ನು ಕಾಡಿದ್ದು ಅದರ ಕಳ್ಳರ್ ಸಮುದಾಯದ ಕಥೆ. ಮದುರೆಯ ಪಶ್ಚಿಮದಿಂದ ತೇನಿ, ಕಂಬಂ ಕಣಿವೆ, ದಿಂಡಿಗಲ್ಲಿನವರೆಗೆ ಹರಡಿದ ಈ ಜನರ ಜಾತಿಯ ಹೆಸರಿಗೆ ನಮ್ಮ ನುಡಿಯಲ್ಲಿರುವ ಅರ್ಥವೇ ತಮಿಳಿನಲ್ಲೂ ಇದೆ.

ಅಪರಾಧಿ ಬುಡಕಟ್ಟುಗಳ ಕಾಯಿದೆ 1871ರದು. 1911ರ ಕಾಯಿದೆಯ ಮೂಲಕ ಅದು ಮದ್ರಾಸ್ ಪ್ರಾಂತಕ್ಕೂ ಬಂತು. ಕಳ್ಳರ್ ಗಂಡಸರು ಬೆರಳಚ್ಚು ಕೊಡಬೇಕು, ರಾತ್ರಿ ಕಣ್ಗಾವಲಿನಲ್ಲಿ ಮಲಗಬೇಕು. ಯಾರ ಮನೆಗೆ ಕನ್ನ ಹಾಕಿದೆ ಎಂದು ಯಾರೂ ಕೇಳುವುದಿಲ್ಲ, ಹುಟ್ಟಿದ್ದೇ ಸಾಕು. ನಮ್ಮ ಮಲಯಾಳ ಓದುಗರು ಕಾಯಂಕುಳಂ ಕೊಚ್ಚುಣ್ಣಿಯನ್ನು ನೆನೆಯಬಹುದು. ಕದ್ದವನು ಅವನು, ಸೆರೆ ಸೇರಿದವನೂ ಅವನೇ. ಮಾಡದೆ ಇರಬಹುದಾಗಿತ್ತು, ಆದರೂ ಮಾಡಿದ ಎಂಬ ನಂಬಿಕೆಯಿದ್ದರೆ ಮಾತ್ರ ಶಿಕ್ಷೆಗೆ ನ್ಯಾಯದ ಹೆಸರು ಸಲ್ಲುತ್ತದೆ. ಹಕ್ಕಿನ ಮಾತೂ ಅಲ್ಲಿಂದಲೇ ಹೊರಡುತ್ತದೆ. ಕಾಯಿದೆ ಈ ಬುಡಕ್ಕೇ ಕೊಡಲಿಯಿಟ್ಟಿತು.

ಕಾದಂಬರಿ ಕನ್ನ ಹಾಕುವ ಕೈಯನ್ನೂ ಊರು ಕಾಯುವ ಕೈಯನ್ನೂ ಒಂದೇ ಜನರಲ್ಲಿ ತೋರಿಸುತ್ತದೆ. ಇದು ಅದರ ದೊಡ್ಡ ಗೆಲುವು. ಕದಿಯಬಲ್ಲವನು ಕಾಯಲು ಒಪ್ಪಿಕೊಂಡಾಗ ಅಲ್ಲೊಂದು ಆಯ್ಕೆಯಿದೆ, ಮಾತಿನ ಕಟ್ಟಿದೆ. ಹೀಗಿದ್ದೂ ನನ್ನದೊಂದು ತಕರಾರು. ಕಳ್ಳತನದ ಕೈಚಳಕವನ್ನು ಬಣ್ಣಿಸುವಾಗ ಲೇಖಕರು ಮೈಮರೆಯುತ್ತಾರೆ (ಓದುವಾಗ ನಾನೂ ಮೈಮರೆತೆನೆನ್ನಿ). ಆ ವಿದ್ಯೆ ರಕ್ತದಲ್ಲೇ ಬಂದಂತೆ ಹೊಳೆಯತೊಡಗಿದಾಗ, ಮೆಚ್ಚುಗೆಯ ದಾರಿಯಿಂದ ಬಂದರೂ ಕಾದಂಬರಿ ಕಾಯಿದೆಯ ಮಗ್ಗುಲಲ್ಲೇ ಹೋಗಿ ಕೂರುತ್ತದೆ. ಇವತ್ತು ರಾತ್ರಿ ಹೋಗಲಾರೆ ಎಂದು ಒಳಗೇ ಕುದಿಯುವ ಒಬ್ಬ ಕಳ್ಳರ್ ಯುವಕನನ್ನು ನಾನು ಅದರಲ್ಲಿ ಹುಡುಕಿದೆ. ಸಮುದಾಯದ ಚಿತ್ರ ದಟ್ಟವಾಗಿದೆ. ಒಂಟಿ ಮನಸ್ಸು ಅಷ್ಟು ದಟ್ಟವಾಗಿಲ್ಲ.

ಕಾದಂಬರಿಯ ಕಾಲ ಮುಗಿದ ಒಂದು ದಶಕದ ಮೇಲೆ, 1920ರ ಏಪ್ರಿಲ್ 3ರಂದು, ಉಸಿಲಂಪಟ್ಟಿಯ ಹತ್ತಿರದ ಪೆರುಂಗಾಮನಲ್ಲೂರಿನ ಜನ ಬೆರಳೊತ್ತಲು ಒಲ್ಲೆವೆಂದರು. ಪೋಲೀಸರ ಗುಂಡಿಗೆ ಹದಿನಾರು ಮಂದಿ ಬಲಿಯಾದರೆಂದು ದಾಖಲೆ. ಅವರಲ್ಲಿ ಮಾಯಕ್ಕಾಳ್ ಎಂಬ ಹೆಂಗಸೂ ಒಬ್ಬಳು. ಸ್ವಂತ ಇಚ್ಛೆಯೇ ಇಲ್ಲವೆಂದು ಸರ್ಕಾರ ಬರೆದಿಟ್ಟ ಜನ ಆ ದಿನ ಒಲ್ಲೆವೆಂಬುದನ್ನೇ ಆರಿಸಿಕೊಂಡಿದ್ದರು.

ವಿಚಿತ್ರವೆಂದರೆ, ಅದೇ ಸರ್ಕಾರ ಕಳ್ಳರ್ ಮಕ್ಕಳ ‘ಸುಧಾರಣೆ’ಗೆಂದು ಶಾಲೆಗಳನ್ನೂ ತೆರೆಯಿತು. ಕಾಯಿದೆ 1952ರಲ್ಲಿ ದೇಶದಾದ್ಯಂತ ರದ್ದಾದ ಮೇಲೂ ಮದುರೆ, ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ಆ ಶಾಲೆಗಳು ದಶಕಗಳ ಕಾಲ ನಡೆದುಬಂದವು. ಅಪ್ಪನ ಹೆಬ್ಬೆರಳಿಗೆ ಮಸಿ ಬಳಿದವರೇ ಮಗನ ಕೈಗೆ ಬಳಪ ಕೊಟ್ಟರು. ಮಗ ಬೇರೆಯಾಗಬಲ್ಲನೆಂದಾದರೆ ಅಪ್ಪನೇಕೆ ಆಗಲಾರ? ಆ ಶಾಲೆಯ ಮೊದಲ ತಲೆಮಾರಿನ ಹುಡುಗನೊಬ್ಬನಿಂದ ಹೊರಡುವ ಕಾದಂಬರಿಯನ್ನು ವೆಂಕಟೇಶನ್ ಬರೆದರೆ ಓದಲು ನಾನು ಕಾದಿದ್ದೇನೆ.