ತೆಲುಗಿನ ಕಾದಂಬರಿ, ಕನ್ನಡದ ವಠಾರ

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಅಂಗಡಿಯದು ಕನ್ನಡ. ಒಂದೇ ಸಮಾರಂಭ ಒಳಗೆ ‘ಪೆಳ್ಳಿ’, ಹೊರಗೆ ‘ಮದುವೆ’. ಅಂಥವರಿಗೆ ಫಣಿ ರಾಮಚಂದ್ರ ನಿರ್ದೇಶನದ ಚಿತ್ರ ‘ಗಣೇಶನ ಮದುವೆ’ (1990) ಇನ್ನಷ್ಟು ಹತ್ತಿರ. ಮಲ್ಲಾದಿ ವೆಂಕಟಕೃಷ್ಣಮೂರ್ತಿಯವರ ತೆಲುಗು ಕಾದಂಬರಿ ಇಲ್ಲಿ ಅಪ್ಪಟ ಕನ್ನಡದ ವಠಾರಕ್ಕೆ ಬಾಡಿಗೆಗೆ ಬಂದು ಮನೆಯವರೇ ಆಗಿಬಿಟ್ಟಿದೆ.

ವಠಾರದಲ್ಲಿ ಗಣೇಶನಿಗೂ ಮಾಲೀಕರ ಮಗಳು ಆದಿಲಕ್ಷ್ಮಿಗೂ ಎಣ್ಣೆ–ಸೀಗೆಕಾಯಿ. ಅವಳೇ ‘ಶ್ರುತಿ’ ಎಂಬ ಹೆಸರಲ್ಲಿ ರೇಡಿಯೋದಲ್ಲಿ ಹಾಡುವವಳು. ಅವನೋ ಬೇರೆ ಹೆಸರಲ್ಲಿ ಆ ಶ್ರುತಿಗೆ ಕಾಗದ ಬರೆಯುವ ಅಭಿಮಾನಿ. ಅಂಗಳದಲ್ಲಿ ಜಗಳ, ಅಂಚೆಯಲ್ಲಿ ಪ್ರೇಮ! ಗಣೇಶನಾಗಿ ಅನಂತ್ ನಾಗ್ ನಗಿಸಲು ಹೆಣಗುವುದಿಲ್ಲ, ಪೆಚ್ಚುಮೋರೆ ಹಾಕಿದರೆ ಸಾಕು. ಆದಿಲಕ್ಷ್ಮಿಯಾಗಿ ವಿನಯಾ ಪ್ರಸಾದ್ ಅವರ ಸಿಡುಕಿಗೂ ಒಂದು ಸೊಗಸಿದೆ.

ಜಾತಕ ಹಿಡಿದು ಓಡಾಡುತ್ತಿರುವ ಮನೆಯವರು ಒಂದು ಸಂಜೆ ಒಟ್ಟಿಗೆ ಕೂತು ನೋಡಿ.