ಜುಟ್ಟು ಕಟ್ಟಿದ ಮೊಲ

ಕತ್ತಿ ಹಿಡಿದ ಮೊಲ ಎಂದೊಡನೆ ‘ಮಕ್ಕಳ ಪುಸ್ತಕ’ ಎಂದು ಪಕ್ಕಕ್ಕಿಡುವವರೇ ಹೆಚ್ಚು. ಮಕ್ಕಳೂ ಓದಬಹುದು, ಅದು ಬೇರೆ ಮಾತು. ಆದರೆ ಸ್ಟ್ಯಾನ್ ಸಕಾಯ್ 1984ರಿಂದ ಬರೆಯುತ್ತ, ಬಿಡಿಸುತ್ತ ಬಂದಿರುವ ‘ಉಸಾಗಿ ಯೊಜಿಂಬೊ’ ಅವಸರಕ್ಕೆ ಒಲಿಯುವ ಕಾಮಿಕ್ಸ್ ಅಲ್ಲ. ಸರಸರ ಪುಟ ತಿರುವಿದರೆ ಹೊಡೆದಾಟವಷ್ಟೇ ಸಿಗುತ್ತದೆ. ಇದರ ರುಚಿ ಇರುವುದು ಎರಡು ಹೊಡೆದಾಟಗಳ ನಡುವಿನ ಬಿಡುವಿನಲ್ಲಿ.

ಕತೆ ನಡೆಯುವುದು ಹದಿನೇಳನೇ ಶತಮಾನದ ಆರಂಭದ ಜಪಾನಿನಲ್ಲಿ. ದೊಡ್ಡ ಯುದ್ಧಗಳು ಮುಗಿದಿವೆ. ಒಡೆಯರನ್ನು ಕಳೆದುಕೊಂಡ ಸಮುರಾಯ್‌ಗಳು ರೋನಿನ್‌ಗಳಾಗಿ ಊರೂರು ಅಲೆಯುತ್ತಿದ್ದಾರೆ. ಮಿಯಾಮೊಟೊ ಉಸಾಗಿ ಅಂಥವರಲ್ಲೊಬ್ಬ. ಅವನ ಒಡೆಯ ಮಿಫುನೆ ಅಡಾಚಿ ಬಯಲಿನ ಕಾಳಗದಲ್ಲಿ ಸತ್ತ ಮೇಲೆ ಅಂಗರಕ್ಷಕನ ಕೂಲಿಯೇ ಅವನ ಅನ್ನ. ಕ್ಯೋಟೊದಲ್ಲಿ ಹುಟ್ಟಿ ಹವಾಯಿಯಲ್ಲಿ ಬೆಳೆದ ಸಕಾಯ್ ಮೊದಲು ಬರೆಯಹೊರಟಿದ್ದು ಇತಿಹಾಸಪ್ರಸಿದ್ಧ ಕತ್ತಿವರಸೆಗಾರ ಮಿಯಾಮೊಟೊ ಮುಸಾಶಿಯಿಂದ ಪ್ರೇರಿತವಾದ ಕತೆಯನ್ನು, ಮನುಷ್ಯರನ್ನೇ ಇಟ್ಟುಕೊಂಡು. ಹೀಗೇ ಗೀಚುತ್ತಿದ್ದಾಗ ಒಂದು ಮೊಲದ ಕಿವಿಗಳನ್ನು ಸಮುರಾಯ್ ಜುಟ್ಟಿನಂತೆ ನೆತ್ತಿಯ ಮೇಲೆ ಎತ್ತಿ ಕಟ್ಟಿದರು. ಅಲ್ಲಿಗೆ ಮನುಷ್ಯ ನಾಯಕನ ಕತೆ ಮುಗಿಯಿತು. ಒಡೆಯನ ಹೆಸರು ಮಾತ್ರ ಅಕಿರಾ ಕುರೊಸಾವಾರ 1961ರ ‘ಯೊಜಿಂಬೊ’ ಸಿನಿಮಾದ ನಟ ತೊಶಿರೊ ಮಿಫುನೆಯಿಂದ ಬಂದದ್ದು. ಆ ಸಿನಿಮಾ ನೋಡಿದ್ದರೆ ಒಳ್ಳೆಯದು, ನೋಡದಿದ್ದರೂ ಅಡ್ಡಿಯಿಲ್ಲ.

ಪ್ರಾಣಿಗಳ ವಿಷಯಕ್ಕೆ ಬರೋಣ. ಪಂಚತಂತ್ರ ಕೇಳಿ ಬೆಳೆದ ನಮಗೆ ನರಿ ಎಂದರೆ ಕುಯುಕ್ತಿ, ಸಿಂಹ ಎಂದರೆ ಅರಸು. ಆ ಲೆಕ್ಕ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಕಿಟ್ಸುನೆ ಎಂಬ ನರಿ ಜೇಬುಗಳ್ಳಿ, ಸರಿಯೇ. ಆದರೆ ಟೊಮೊಯೆ ಎಂಬ ಬೆಕ್ಕು ಒಡೆಯನಿಗಾಗಿ ಪ್ರಾಣ ಕೊಡುವವಳು. ಆ ಎಳೆಯ ಒಡೆಯ ನೊರಿಯುಕಿ ಒಂದು ಪಾಂಡಾ. ತಲೆಗೆ ಬೆಲೆ ಕಟ್ಟಿದ ಅಪರಾಧಿಗಳನ್ನು ಹಿಡಿದು ದುಡ್ಡು ಮಾಡುವ ಗೆನ್ ಘೇಂಡಾಮೃಗ, ಉಂಡೆದ್ದು ಬಿಲ್ಲನ್ನು ಉಸಾಗಿಯ ತಲೆಗೆ ಕಟ್ಟುವುದರಲ್ಲಿ ಪ್ರವೀಣ. ನಾಲ್ಕು ಪುಟ ದಾಟುವುದರೊಳಗೆ ಪ್ರಾಣಿ ಮರೆತು ಆಸಾಮಿ ಮಾತ್ರ ಉಳಿಯುತ್ತಾನೆ. ಅರ್ಥ ಹುಡುಕುವ ಬದಲು ಮೂಲೆಗಳನ್ನು ನೋಡಿ: ಬೀದಿನಾಯಿ ಇರಬೇಕಾದಲ್ಲಿ ಉದ್ದ ಕತ್ತಿನ ಪುಟ್ಟ ಹಲ್ಲಿಗಳು ಓಡಾಡುತ್ತಿರುತ್ತವೆ.

ಇನ್ನು ಕಾಳಗದ ಪುಟ. ಕತ್ತಿ ಬೀಸುವ ಚೌಕಟ್ಟಿಗಿಂತ ಅದರ ಹಿಂದಿನ, ಮುಂದಿನ ಚೌಕಟ್ಟುಗಳ ಮೇಲೆ ಕಣ್ಣಿಡಿ. ಮೊದಲು ನಿಲುವು, ಪಾದ ಊರಿದ ರೀತಿ. ನಂತರ ಒಂದು ಗೆರೆ, ಅಷ್ಟೇ. ರಕ್ತ ಇಲ್ಲವೆನ್ನುವಷ್ಟು ಕಡಿಮೆ. ಸತ್ತವನ ಬಾಯಿಂದ ಮಾತಿನ ಗುಳ್ಳೆ ಹೊರಡುತ್ತದೆ, ಒಳಗೆ ಮಾತಿನ ಬದಲು ಪುಟ್ಟ ತಲೆಬುರುಡೆ. ಮೊದಲ ಸಲ ನಗು ಬರುತ್ತದೆ. ಹತ್ತಾರು ಬುರುಡೆಗಳು ಒಂದೇ ಪುಟದಲ್ಲಿ ತೇಲಿದಾಗ ನಗು ನಿಲ್ಲುತ್ತದೆ. ಸಾವನ್ನು ಹಗುರವಾಗಿಯೂ ಅಗ್ಗವಾಗಿಸದೆಯೂ ಬರೆಯಲು ಇದಕ್ಕಿಂತ ಚೊಕ್ಕ ಉಪಾಯ ಬೇರೆ ಕಾಮಿಕ್ಸ್‌ನಲ್ಲಿ ನಾನು ಕಂಡಿಲ್ಲ. ಅಕ್ಷರ ಬರೆಯುವುದೂ ಸಕಾಯ್ ಅವರ ಕೈಯೇ. ಸೆರ್ಜಿಯೊ ಅರಗೊನೆಸ್ ಅವರ ‘ಗ್ರೂ’ ಸರಣಿಗೆ ಅಕ್ಷರ ಬರೆದವರೂ ಇವರೇ. ಹಾಗಾಗಿ ಇಲ್ಲಿ ಗುಳ್ಳೆಯೂ ಚಿತ್ರದ ಭಾಗ.

ನನಗೆ ಹೆಚ್ಚು ಇಷ್ಟ ಕಸುಬಿನ ಕತೆಗಳು. ಹೊಸಬರು ಗಾಳಿಪಟದ ಕತೆಯಿಂದ ಶುರುಮಾಡಲಿ ಎಂಬುದು ನನ್ನ ಶಿಫಾರಸು. ಕುಶಲಕರ್ಮಿಯೊಬ್ಬ ಹಬ್ಬಕ್ಕೆಂದು ಭಾರಿ ಗಾಳಿಪಟ ಕಟ್ಟುತ್ತಾನೆ. ಬಿದಿರಿನ ಹಂದರ, ಕಾಗದ, ಅದರ ಮೇಲಿನ ಚಿತ್ರ, ಎಲ್ಲವನ್ನೂ ಸಕಾಯ್ ಹಂತಹಂತವಾಗಿ, ಚೂರೂ ಆತುರವಿಲ್ಲದೆ ತೋರಿಸುತ್ತಾರೆ. ಅದೇ ಹಬ್ಬಕ್ಕೆ ಒಬ್ಬ ಜೂಜುಕೋರನೂ ಬರುತ್ತಾನೆ, ಉಸಾಗಿಯೂ ಬರುತ್ತಾನೆ. ಕತ್ತಿ ಹೊರಬರುವ ಹೊತ್ತಿಗೆ ಹಾಳಾಗುವುದೇನು ಎಂಬುದು ಓದುಗನಿಗೆ ಗೊತ್ತಿರುತ್ತದೆ. ಚಹಾ ಸಮಾರಂಭದ ‘ಚಾನೊಯು’ ಇನ್ನೂ ಒಂದು ಹೆಜ್ಜೆ ಮುಂದೆ. ಟೊಮೊಯೆ ಉಸಾಗಿಗೆ ಚಹಾ ಮಾಡಿಕೊಡುತ್ತಾಳೆ. ಮಾತು ಇಲ್ಲವೇ ಇಲ್ಲ ಎನ್ನಬಹುದು. ಇಬ್ಬರೂ ಬಾಯಿಬಿಟ್ಟು ಹೇಳಲಾಗದ್ದೆಲ್ಲ ಬಟ್ಟಲು ಹಿಡಿಯುವ ಕೈಗಳಲ್ಲಿದೆ. ಇದನ್ನು ಮಾತ್ರ ಮೊದಲೇ ಓದಬೇಡಿ, ಇಬ್ಬರ ಪರಿಚಯ ಹಳೆಯದಾಗಿರಬೇಕು.

ಆರಂಭದ ಸಂಪುಟಗಳ ಗೆರೆ ತುಸು ಒರಟು, ಸಹಿಸಿಕೊಳ್ಳಿ. ಬಾಹ್ಯಾಕಾಶದ ಉಸಾಗಿಯನ್ನೂ ಉಸಾಗಿಯ ವಂಶಜನನ್ನು ನಾಯಕನಾಗಿಸಿದ 2022ರ ನೆಟ್‌ಫ್ಲಿಕ್ಸ್ ಸರಣಿಯನ್ನೂ ಸದ್ಯಕ್ಕೆ ಬಿಡಬಹುದು. 2019ರಿಂದ ಸರಣಿಗೆ ಬಣ್ಣ ಬಂತು, ಚೆನ್ನಾಗಿಯೇ ಇದೆ. ಆದರೂ ಮಳೆ, ಹಿಮ, ಬಿದಿರುಮೆಳೆ ಕಪ್ಪು ಬಿಳುಪಿನಲ್ಲೇ ಸೊಗಸು.

ಸಣ್ಣ ಕತೆಗಳಲ್ಲಿ ಪಳಗಿದ ಮೇಲೆ 1999ರಲ್ಲಿ ಐಸ್ನರ್ ಪ್ರಶಸ್ತಿ ಗೆದ್ದ ‘ಗ್ರಾಸ್‌ಕಟರ್’ಗೆ ಕೈಹಾಕಿ. ಅದರ ನಡುವಿನಲ್ಲಿರುವುದು ಕುಸನಾಗಿ, ಜಪಾನಿನ ಅರಸೊತ್ತಿಗೆಯ ಮೂರು ಪವಿತ್ರ ವಸ್ತುಗಳಲ್ಲಿ ಒಂದಾದ ಖಡ್ಗ. 1185ರ ದಾನ್‌ನೊಉರಾ ಕದನದಲ್ಲಿ ಬಾಲ ಚಕ್ರವರ್ತಿ ಅಂತೊಕುವಿನೊಡನೆ ಅದು ಕಡಲು ಸೇರಿತೆಂಬ ಪರಂಪರೆಯ ನಂಬಿಕೆಯನ್ನು ಹಿಡಿದು, ಖಡ್ಗ ಮತ್ತೆ ಸಿಕ್ಕಿದರೆ ಯಾರು ಯಾರು ಅದಕ್ಕೆ ಬಾಯಿ ಬಿಡುತ್ತಾರೆ ಎಂದು ಸಕಾಯ್ ಕೇಳುತ್ತಾರೆ. ಶುರುವಿನ ಪುರಾಣ, ಇತಿಹಾಸದ ಪುಟಗಳಲ್ಲಿ ಉಸಾಗಿಯ ಸುಳಿವೇ ಇರುವುದಿಲ್ಲ. ದಾಟಿಸಿ ಓದುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಕೊನೆಯಲ್ಲಿ ಲೇಖಕರೇ ಕೊಟ್ಟ ಟಿಪ್ಪಣಿಗಳಿವೆ. ಅವನ್ನು ಓದಿ, ದಾನ್‌ನೊಉರಾ ಪುಟಗಳನ್ನು ಇನ್ನೊಮ್ಮೆ ತೆಗೆದು ನೋಡಿ.